ಪೈಲಟ್ ಆಗುವ ಕಣ್ಣು: ಮೊದಲು ಬಣ್ಣ ನೋಡಿಸಿ

ಮಗ ಪೈಲಟ್ ಆಗುತ್ತೇನೆಂದರೆ ಮಂಗಳೂರಿನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಕನ್ನಡಕದ್ದು. ಅದು ಬೇಗ ಮುಗಿಯುವ ಮಾತು. ವಿಮಾನ ಹಾರಿಸುವುದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ ಬೇಕಾದದ್ದು ಕ್ಲಾಸ್ 1 ಮೆಡಿಕಲ್. ಅದರ ಅಂತಾರಾಷ್ಟ್ರೀಯ ಮಾನದಂಡದಂತೆ ಒಂದೊಂದು ಕಣ್ಣಿಗೂ 6/9, ಎರಡೂ ಸೇರಿ 6/6 ಇರಬೇಕು. ಕನ್ನಡಕ ಹಾಕಿ ಅಷ್ಟು ಕಂಡರೂ ಸಾಕು. ಆರು ಮೀಟರ್ ದೂರದಿಂದ ಸುಮಾರು 8.7 ಮಿ.ಮೀ. ಎತ್ತರದ ಅಕ್ಷರ ಓದಿದರೆ ಅದೇ 6/6.

ಹತ್ತಿರದ ಓದೂ ಉಂಟು: 30ರಿಂದ 50 ಸೆಂ.ಮೀ. ಒಳಗೆ ಎನ್5 ಎಂಬ ಸಣ್ಣ ಅಕ್ಷರ, ಒಂದು ಮೀಟರ್‌ನಲ್ಲಿ ಎನ್14 ಎಂಬ ಅದಕ್ಕಿಂತ ದೊಡ್ಡದು. ಮೊದಲನೆಯದು ಕೈಯಲ್ಲಿರುವ ನಕ್ಷೆಗೆ, ಎರಡನೆಯದು ಎದುರಿನ ಫಲಕಕ್ಕೆ. ದೂರ, ಹತ್ತಿರ ಎಲ್ಲವೂ ಒಂದೇ ಕನ್ನಡಕದಲ್ಲಿ ಕಾಣಬೇಕು. ಬದಲಿ ಜೊತೆಯೊಂದು ಕೈಗೆಟಕುವಲ್ಲಿ ಇರಬೇಕು.

ಕಾಂಟಾಕ್ಟ್ ಲೆನ್ಸ್ ಆದೀತು, ಆದರೆ ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುವ 'ಮೊನೊವಿಷನ್' ಆಗದು. 1996ರಲ್ಲಿ ನ್ಯೂಯಾರ್ಕ್‌ನ ಲಗಾರ್ಡಿಯಾದಲ್ಲಿ ಡೆಲ್ಟಾ ವಿಮಾನವೊಂದು ರನ್‌ವೇಗೆ ಮೊದಲೇ ದೀಪದ ಕಂಬಗಳಿಗೆ ಬಡಿಯಿತು. ಕ್ಯಾಪ್ಟನ್ ಹಾಕಿದ್ದ ಅಂಥ ಲೆನ್ಸೇ ವಿಮಾನದ ಸ್ಥಾನ ಅಂದಾಜಿಸುವಲ್ಲಿ ಅಡ್ಡಿಯಾಯಿತೆಂದು ತನಿಖೆ ಹೇಳಿತು.

ಯಾವ ಕನ್ನಡಕವೂ ತಿದ್ದಲಾರದ್ದು ಬಣ್ಣ. ಮಲ್ಪೆ ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ವಿಮಾನದ ರೆಕ್ಕೆಗಳಿಗೂ ಅದೇ ಲೆಕ್ಕ. ರೇಡಿಯೋ ಕೆಟ್ಟರೆ ಟವರ್‌ನಿಂದ ಬರುವ ಸ್ಥಿರ ಹಸಿರು ಬೆಳಕೆಂದರೆ 'ಇಳಿಯಬಹುದು', ಸ್ಥಿರ ಕೆಂಪೆಂದರೆ 'ದಾರಿ ಬಿಡು, ಸುತ್ತುತ್ತಿರು'. ರನ್‌ವೇ ಬದಿಯ 'ಪಾಪಿ' ಎಂಬ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ ಬಂದಿದ್ದೀರಿ. ಬಜ್ಪೆಯಂಥ ಗುಡ್ಡದ ಮೇಲಿನ ರನ್‌ವೇಗೆ ಇಳಿಯುವಾಗ ಇದನ್ನು ತಪ್ಪಾಗಿ ಓದಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. 2002ರಲ್ಲಿ ಅಮೆರಿಕದ ಟಲ್ಲಹಾಸಿಯಲ್ಲಿ ಫೆಡೆಕ್ಸ್‌ನ ಬೋಯಿಂಗ್ 727 ರನ್‌ವೇ ಮುಟ್ಟುವ ಮೊದಲೇ ಬಿತ್ತು. ಸಹಪೈಲಟ್‌ನ ವರ್ಣದೋಷವೂ ಕಾರಣಗಳ ಪಟ್ಟಿಯಲ್ಲಿತ್ತು.

ಕೆಂಪು-ಹಸಿರು ಗುರುತಿಸುವ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಮಗನಿಗೆ ಅದು ಬರುವುದು ಅಮ್ಮನಿಂದ ಮಾತ್ರ. ಹಾಗಾಗಿ ಈ ದೋಷ ಮಾವನಿಂದ ಸೋದರಳಿಯನಿಗೆ ಸಾಗುವ ನಮ್ಮ ಅಳಿಯಸಂತಾನದ ಆಸ್ತಿಯಂತೆ ಸೋದರಮಾವನಲ್ಲೂ ಅಳಿಯನಲ್ಲೂ ಕಾಣಿಸಿಕೊಳ್ಳಬಹುದು. ಮಾವನಿಗಿದ್ದರೆ ಅಳಿಯನಿಗೂ ಇರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಅಮ್ಮನ ಅಪ್ಪನಿಗಿದ್ದರೆ ಎರಡರಲ್ಲಿ ಒಂದು.

ಪರೀಕ್ಷೆ ಇಶಿಹಾರ ಫಲಕಗಳಿಂದ. 75 ಸೆಂ.ಮೀ. ದೂರದಲ್ಲಿ ಹಿಡಿದ ಚುಕ್ಕಿಗಳ ನಡುವಿನ ಅಂಕಿಯನ್ನು ಮೂರು ಸೆಕೆಂಡಿನೊಳಗೆ ಹೇಳಬೇಕು. ಬೆಳಕು ಹಗಲಿನದ್ದೇ ಆಗಬೇಕು. ಆಷಾಢದ ಮಳೆಗೆ ಕತ್ತಲಾದ ಕ್ಲಿನಿಕ್‌ನಲ್ಲಿ ಹಳದಿ ಬಲ್ಬ್ ಹಾಕಿ ನೋಡಿದರೆ ಸಣ್ಣ ದೋಷವಿದ್ದವರು ಪಾಸಾಗಿಬಿಡಬಹುದು, ಆಮೇಲೆ ಬೆಂಗಳೂರಿನ ಕ್ಲಾಸ್ 1 ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. 6,500 ಕೆಲ್ವಿನ್‌ನ ಹಗಲು-ದೀಪ ಆದೀತು. ಮೊಬೈಲ್ ಪರದೆಯ ಫಲಕಗಳನ್ನು ನಂಬಬೇಡಿ, ಬಿಸಿಲಿಗೆ ಮಾಸಿದ ಹಳೆಯ ಪುಸ್ತಕವನ್ನೂ. ಫಲಕದಲ್ಲಿ ತಪ್ಪಿದವರನ್ನು ಬಣ್ಣದ ದೀಪ ತೋರಿಸುವ ಲ್ಯಾಂಟರ್ನ್ ಪರೀಕ್ಷೆಗೆ ಕಳಿಸುವುದುಂಟು.

ಆದ್ದರಿಂದ ಫ್ಲೈಯಿಂಗ್ ಸ್ಕೂಲಿಗೆ ಹಣ ಕಟ್ಟುವ ಮೊದಲೇ, ಬ್ಯಾಂಕ್ ಸಾಲ ಕೇಳುವ ಮೊದಲೇ, ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ನೋಡಿಸಿ. ಆಮೇಲೆ ಹಾರಲು ಕಲಿಯುವವರಿಗೆ ಬೇಕಾದ ಕ್ಲಾಸ್ 2 ಮೆಡಿಕಲ್, ಅದಾದ ಮೇಲೆ ಕ್ಲಾಸ್ 1. ಸಾಫ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಒಂದೆರಡು ವಾರ ಮೊದಲೇ ತೆಗೆದಿಡಿ. ಇಲ್ಲವಾದರೆ ಕಾರ್ನಿಯಾದ ಆಕಾರ ಬದಲಾಗಿ ಪವರ್ ತಪ್ಪು ಬರುತ್ತದೆ. ತಂಪು ಕನ್ನಡಕ ಕೊಳ್ಳುವುದಾದರೆ ಬೂದು ಬಣ್ಣದ್ದು, ಪೋಲರಾಯ್ಡ್ ಅಲ್ಲದ್ದು: ಪೋಲರಾಯ್ಡ್ ಹಾಕಿ ಕಾಕ್‌ಪಿಟ್‌ನಲ್ಲಿ ಕೂತು ತಲೆ ಓರೆ ಮಾಡಿದರೆ ಎದುರಿನ ಪರದೆಯೇ ಕಪ್ಪಾದೀತು.