'ವಿಲ್' ಒಂದೇ ನಾಳೆಯಲ್ಲ

ಇಂಗ್ಲಿಷಿನ ಭವಿಷ್ಯತ್ಕಾಲವೆಂದರೆ 'ವಿಲ್' ಎಂದು ಹೇಳಿ ಮುಗಿಸುವ ಪಾಠ, ಸ್ಪ್ಯಾನಿಷ್ ಮಾತೃಭಾಷೆಯ ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಭೂತಕಾಲದ ರೂಪವಿದೆ, ಭವಿಷ್ಯದ್ದು ಇಲ್ಲವೇ ಇಲ್ಲ. ಆ ಕೊರತೆಯನ್ನು ಬೇರೆ ಕೆಲಸದ ಪದಗಳು ತುಂಬಿವೆ: 'ವಿಲ್' ಮೂಲದಲ್ಲಿ ಬಯಕೆ, 'ಶಲ್' ತೀರಿಸಬೇಕಾದ ಋಣ, 'ಗೋಯಿಂಗ್ ಟು' ನಿಜವಾದ ನಡಿಗೆ.

ಸ್ಪ್ಯಾನಿಷಿಗೆ ಪ್ರತ್ಯಯವಿದೆಯಲ್ಲ ಎಂದರೆ, ಅದರ ಹುಟ್ಟು ಇನ್ನೂ ಸೊಗಸಾಗಿದೆ. 'ಹಾಡುವೆನು' ಎನ್ನಲು ಲ್ಯಾಟಿನ್ನಿನಲ್ಲಿ 'ಕಾಂತಾಬೊ' ಇತ್ತು. ಜನರ ಬಾಯಲ್ಲಿ ಅದು ಅಳಿದು 'ಕಾಂತಾರೆ ಹಾಬೆಯೊ', ಅಂದರೆ 'ನನಗೆ ಹಾಡುವುದಿದೆ' ಎಂಬ ಜೋಡಿ ನಿಂತಿತು. ಜೋಡಿ ಬೆಸೆದು ಇಂದಿನ 'ಕಾಂತಾರೇ' ಆಯಿತು. ಆಂತೊನಿಯೊ ದೆ ನೆಬ್ರಿಹಾ 1492ರ ತನ್ನ ಕ್ಯಾಸ್ಟಿಲಿಯನ್, ಅಂದರೆ ಸ್ಪ್ಯಾನಿಷ್, ವ್ಯಾಕರಣದಲ್ಲೇ ಈ ಬೆಸುಗೆಯನ್ನು ಗುರುತಿಸಿದ್ದ! ಬರಹದ ಪೋರ್ಚುಗೀಸಿನಲ್ಲಿ ಇಂದಿಗೂ ಆ ಬೆಸುಗೆಯನ್ನು ಬಿಚ್ಚಿ ನಡುವೆ ಸರ್ವನಾಮವನ್ನು ಕೂರಿಸಬಹುದು. ಈಗ ಸ್ಪ್ಯಾನಿಷ್ ಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, 'ಕಾಂತಾರೇ'ಯನ್ನೂ ಹಿಂದಿಕ್ಕಿ 'ವೊಯ್ ಆ ಕಾಂತಾರ್', ಅಂದರೆ 'ಹಾಡಲು ಹೋಗುತ್ತೇನೆ', ಮುಂದೆ ಬಂದಿದೆ. ಇದೂ 'ಹೋಗು' ಧಾತುವಿನದೇ. ಹಾಗಾಗಿ 'ಗೋಯಿಂಗ್ ಟು' ಅವರಿಗೆ ಸಲೀಸು.

ತೊಡಕು ಇರುವುದು ವರ್ತಮಾನದಲ್ಲಿ. 'ತೆ ಯಾಮೊ ಮಾನ್ಯಾನಾ' ಎಂದು ಸ್ಪ್ಯಾನಿಷ್ ಸಾದಾ ವರ್ತಮಾನದಲ್ಲೇ ಮಾತು ಕೊಡುತ್ತದೆ, ನಾವು 'ನಾಳೆ ಕರೆ ಮಾಡುತ್ತೇನೆ' ಎನ್ನುವ ಹಾಗೆಯೇ. ಅದೇ ಜಾಡಿನಲ್ಲಿ 'ಐ ಕಾಲ್ ಯು ಟುಮಾರೋ' ಎಂದವರಿಗೆ ಅಜಾಗರೂಕರೆಂಬ ಹಣೆಪಟ್ಟಿ ಅಂಟಿಸುವುದು ತಪ್ಪು. ಮಾತು ಕೊಡಲು ಇಂಗ್ಲಿಷ್ 'ವಿಲ್' ಬೇಡುತ್ತದೆ. ಭವಿಷ್ಯಕ್ಕೆ ಸಾದಾ ವರ್ತಮಾನವನ್ನು ಅದು ಮುಖ್ಯವಾಗಿ ರೈಲಿನ ವೇಳಾಪಟ್ಟಿಯಂಥ ನಿಗದಿಗಳಿಗೆ ಮೀಸಲಿಟ್ಟಿದೆ. ಗೊತ್ತುಮಾಡಿಕೊಂಡ ಭೇಟಿಗೆ 'ಐ ಆಮ್ ಮೀಟಿಂಗ್ ಆನಾ ಟುಮಾರೋ' ಎನ್ನುವುದೇ ಸಹಜ. ಸ್ಪ್ಯಾನಿಷಿನಲ್ಲಿ ಆ ರೂಪ ಸಾಮಾನ್ಯವಾಗಿ ನಡೆಯುತ್ತಿರುವ ಕೆಲಸಕ್ಕಷ್ಟೇ ಸಲ್ಲುವುದರಿಂದ ಕಲಿಯುವವರು ಅದರತ್ತ ಸುಳಿಯುವುದೇ ಇಲ್ಲ. 'ನಾನು ಬಂದಾಗ' ಎಂಬ ಉಪವಾಕ್ಯದಲ್ಲಿ ಮಾತ್ರ ಬೇಡದ ಕಡೆ 'ವಿಲ್' ನುಸುಳುತ್ತದೆ. ಅಲ್ಲಿ ಸ್ಪ್ಯಾನಿಷ್ ಇನ್ನೂ ಆಗದ್ದನ್ನು ಸೂಚಿಸುವ ಸಂಭಾವನಾ ರೂಪ (ಸಬ್‌ಜಂಕ್ಟಿವ್) ಬಳಸಿದರೆ, ಇಂಗ್ಲಿಷಿಗೆ ಸಾದಾ ವರ್ತಮಾನವೇ ಸಾಕು.

ಇಷ್ಟೆಲ್ಲದರ ನಡುವೆ ನನಗೆ ಅತ್ಯಂತ ಪ್ರಿಯವಾದದ್ದು ಊಹೆಯ ಭವಿಷ್ಯ. 'ಸೆರಾನ್ ಲಾಸ್ ತ್ರೆಸ್' ಎಂದರೆ ರೂಪದಲ್ಲಿ ಭವಿಷ್ಯ, ಅರ್ಥದಲ್ಲಿ 'ಈಗ ಮೂರು ಗಂಟೆಯಾಗಿರಬೇಕು'. ಬಾಗಿಲು ತಟ್ಟಿದ ಸದ್ದಿಗೆ ಆಂಗ್ಲರು 'ದಟ್ ವಿಲ್ ಬಿ ದ ಪೋಸ್ಟ್‌ಮನ್' ಎನ್ನುವಾಗಲೂ ಅಂಚೆಯವನು ಬರಲಿರುವವನಲ್ಲ, ಆಗಲೇ ಹೊಸ್ತಿಲಲ್ಲಿ ನಿಂತವನು. ಕಲಿಸುವವರು 'ವಿಲ್' ಪಾಠವನ್ನು ಇಲ್ಲಿಂದಲೇ ಶುರುಮಾಡಬಹುದು.