ಸ್ಪೋರ್ಟ್ಸ್ ಕಾರಿನ ಸೈಲೆನ್ಸರ್ ಅನ್ನು ಮನೆಯಂಗಳದಲ್ಲೇ ಬದಲಾಯಿಸಬಹುದೇ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವನು. ಎಂಟು ಸಿಲಿಂಡರಿನ ಒಂದು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿದ್ದೇನೆ. ಅದಕ್ಕೆ ಹೊರಗಿನ ಕಂಪನಿಯ ಸೈಲೆನ್ಸರ್ ಸೆಟ್ ತರಿಸಿ ಮನೆಯ ಮುಂದೆ ನಾನೇ ಕೂರಿಸಬೇಕೆಂದಿದ್ದೇನೆ. ಇದು ಸಾಧ್ಯವೇ? ಕಾನೂನಿನ ತೊಡಕು ಬರುತ್ತದೆಯೇ?

ಉತ್ತರ: ಕೆಲಸವೇನೋ ಸಾಧ್ಯ. ನಟ್ಟು ಬೋಲ್ಟುಗಳ ಅಭ್ಯಾಸವಿರುವವರು ಇನ್ನೊಬ್ಬರ ನೆರವು ಪಡೆದು ಒಂದು ಹಗಲಿನಲ್ಲಿ ಮುಗಿಸಬಹುದು. ಆದರೆ ಹೊಗೆ ಸಾಗುವ ದಾರಿಯಲ್ಲಿ ಎಲ್ಲಿಂದ ಆಚೆಗೆ ಕೈ ಹಾಕುತ್ತೀರಿ ಎಂಬುದನ್ನು ಸ್ಪಾನರ್ ಹಿಡಿಯುವ ಮೊದಲೇ ತೀರ್ಮಾನಿಸಬೇಕು.

ಎಂಜಿನ್ನಿನಿಂದ ಹೊರಟ ಹೊಗೆ ಮ್ಯಾನಿಫೋಲ್ಡಿನಲ್ಲಿ ಒಂದುಗೂಡಿ, ಕ್ಯಾಟಲಿಟಿಕ್ ಕನ್ವರ್ಟರ್ ದಾಟಿ, ಅನಂತರ ಉದ್ದನೆಯ ಕೊಳವೆ ಮತ್ತು ಸೈಲೆನ್ಸರ್ ಡಬ್ಬಿಗಳ ಮೂಲಕ ಹಿಂಬದಿಗೆ ಬರುತ್ತದೆ. ಕನ್ವರ್ಟರಿನೊಳಗೆ ಜೇನುಗೂಡಿನಂತಹ ರಂಧ್ರಗಳಿದ್ದು, ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಲೇಪವಿರುತ್ತದೆ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳು ಅಲ್ಲಿಯೇ ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೋಜನ್ ಆಗಿ ಬದಲಾಗುತ್ತವೆ. ಅದರ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಕೂತು ಈ ಕೆಲಸವನ್ನು ಕಾಯುತ್ತಿರುತ್ತವೆ. ಕನ್ವರ್ಟರ್ ತೆಗೆಸಿ ನೇರ ಪೈಪು ಹಾಕಿಸಿದರೆ ಪಿಕಪ್ ಹೆಚ್ಚುತ್ತದೆ ಎನ್ನುವವರು ನಿಮಗೆ ಖಂಡಿತ ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುವುದು ಸಣ್ಣ ತೊಂದರೆ. ನಿಮ್ಮ ಹಿಂದೆ ಬರುವ ದ್ವಿಚಕ್ರ ಸವಾರ ಶುದ್ಧವಾಗದ ಹೊಗೆ ಕುಡಿಯಬೇಕಾಗುವುದು ದೊಡ್ಡ ಅನ್ಯಾಯ. ಮನೆಯಲ್ಲಿ ಮಾಡುವ ಕೆಲಸ ಕನ್ವರ್ಟರಿನ ಹಿಂದಿನ ಭಾಗಕ್ಕಷ್ಟೇ ಸೀಮಿತವಾಗಿರಲಿ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮವು ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹಗೊಳ್ಳುವ ಸಂಭವವೂ ಇದೆ. ಹಾಗಾಗಿ ರಸ್ತೆಗೆ ಇಳಿಯುವ ಕಾರಿಗೆ, ತಯಾರಕರು ಅದೇ ಮಾದರಿಗೆ ಒಪ್ಪಿರುವ, ಮೂಲದ್ದಕ್ಕಿಂತ ಹೆಚ್ಚು ಶಬ್ದ ಮಾಡದ ಸೈಲೆನ್ಸರನ್ನೇ ಆರಿಸಿಕೊಳ್ಳಿ. ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ. ಭಾನುವಾರ ಬೆಳಕು ಹರಿಯುವ ಮುನ್ನ ನಂದಿ ಬೆಟ್ಟದ ಕಡೆಗೆ ಸಾಲಾಗಿ ಹೋಗುವ ಗಾಡಿಗಳ ಅಬ್ಬರಕ್ಕೆ ಬೆಟ್ಟದ ತಪ್ಪಲಿನ ಊರುಗಳು ಎದ್ದು ಕೂರುತ್ತವೆ. ಆ ಊರುಗಳಲ್ಲಿ ನೆಂಟರಿರುವವನಾಗಿ ನಾನು ಇದನ್ನು ಕೇಳಿಕೊಳ್ಳುತ್ತಿದ್ದೇನೆ. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾಯಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ.

ಆಯ್ಕೆಯಲ್ಲಿ ಇನ್ನೊಂದು ಎಚ್ಚರಿಕೆ. ಕೊಳವೆ ದಪ್ಪವಾದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ತಪ್ಪು ನಂಬಿಕೆ. ಅಗತ್ಯಕ್ಕಿಂತ ದಪ್ಪವಾದರೆ ಹೊಗೆಯ ವೇಗ ತಗ್ಗಿ, ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಎಳೆತವೇ ಕುಗ್ಗಬಹುದು. ಎಂಟು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ನಾಲ್ಕು ಬಾರಿ ಉರಿಯುವುದರಿಂದ, 2,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 133 ಬಡಿತಗಳು ಏಳುತ್ತವೆ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಒಂದೇ ವೇಗದಲ್ಲಿ ಬರುವಾಗ ಈ ಬಡಿತವು ಕಾರಿನ ಒಳಗೋಡೆಗಳೊಂದಿಗೆ ಸೇರಿ ಗುಂಯ್‌ಗುಟ್ಟತೊಡಗಿದರೆ, ಮನೆ ಸೇರುವಷ್ಟರಲ್ಲಿ ತಲೆ ಭಾರವಾಗಿರುತ್ತದೆ. ಹೀಗೆ ಗುಂಯ್‌ಗುಡುವ ಸದ್ದನ್ನು ತಗ್ಗಿಸಲೆಂದೇ ಕೊಳವೆಯಲ್ಲಿ ಇರುವ ಡಬ್ಬಿಗೆ ರೆಸೋನೇಟರ್ ಎನ್ನುತ್ತಾರೆ. ಅದು ಇಲ್ಲದ ಸೆಟ್ ಕೊಳ್ಳಬೇಡಿ.

ಇಡೀ ಕೆಲಸದಲ್ಲಿ ಪ್ರಾಣಾಪಾಯವಿರುವುದು ಕಾರನ್ನು ಎತ್ತುವ ಹಂತದಲ್ಲಿ. ನಮ್ಮ ಕಡೆ ಯಾವುದಾದರೂ ಮನೆಯ ಕಟ್ಟಡ ಸದಾ ನಡೆಯುತ್ತಲೇ ಇರುವುದರಿಂದ, ಕೈಗೆ ಸುಲಭವಾಗಿ ಸಿಗುವುದು ಹಾಲೋಬ್ಲಾಕ್ ಮತ್ತು ಸೈಜುಗಲ್ಲು. ಎರಡನ್ನೂ ಕಾರಿನ ಕೆಳಗೆ ಇಡಕೂಡದು. ಹಾಲೋಬ್ಲಾಕ್ ಒಂದೇ ಜಾಗದಲ್ಲಿ ಭಾರ ಬಿದ್ದಾಗ ಯಾವ ಸೂಚನೆಯೂ ಇಲ್ಲದೆ ಒಡೆದುಹೋಗುತ್ತದೆ. ಸೈಜುಗಲ್ಲು ಒಡೆಯದಿದ್ದರೂ ಅದರ ಮೇಲೆ ಕಬ್ಬಿಣ ಜಾರುತ್ತದೆ. ಗಟ್ಟಿ ಸಿಮೆಂಟ್ ನೆಲದ ಮೇಲೆ, ಕಾರಿನ ತೂಕಕ್ಕೆ ತಕ್ಕ ಜಾಕ್ ಸ್ಟ್ಯಾಂಡುಗಳನ್ನು ಕೈಪಿಡಿಯಲ್ಲಿ ತೋರಿಸಿದ ಜಾಗಗಳಲ್ಲೇ ನಿಲ್ಲಿಸಿ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಡಿ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅಲ್ಲಿ ಈ ಕೆಲಸ ಬೇಡ. ಕೆಳಗೆ ನುಸುಳುವ ಮೊದಲು ಕಾರನ್ನು ಪಕ್ಕದಿಂದ ಬಲವಾಗಿ ಅಲುಗಾಡಿಸಿ ನೋಡಿ. ಮನಸ್ಸಿಗೆ ಅಳುಕು ಉಳಿದರೆ, ಕಾರು ಎತ್ತುವ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಅರ್ಧ ದಿನದ ಬಾಡಿಗೆ ಮಾತಾಡಿಕೊಳ್ಳಿ.

ಹಿಂದಿನ ದಿನ ಸಂಜೆ, ಎಂಜಿನ್ ಪೂರ್ತಿ ತಣಿದ ಮೇಲೆ, ಜೋಡಣೆಯ ಬೋಲ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಂದಿನ ಜೋಡಣೆ ಬಿಚ್ಚಿ, ಡಬ್ಬಿಗೆ ಇನ್ನೊಂದು ಜಾಕ್ ಆನಿಸಿ, ತೂಗುಹಾಕಿರುವ ರಬ್ಬರ್ ಹ್ಯಾಂಗರುಗಳನ್ನು ಕೊನೆಯಲ್ಲಿ ಕಳಚಿ. ರಬ್ಬರ್ ಜಾರಲು ಸೋಪಿನ ನೀರು ಸಾಕು. ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚಿದರೆ ಅದು ಕ್ರಮೇಣ ಉಬ್ಬಿ ಹಾಳಾಗುತ್ತದೆ. ಜೋಡಣೆಯಲ್ಲಿ ಸೋರದಂತೆ ನಡುವೆ ಇಡುವ ಹಳೆಯ ಗ್ಯಾಸ್ಕೆಟ್ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ.

ಹೊಸ ಸೆಟ್ ಕೂರಿಸುವಾಗ ಎಲ್ಲ ಜೋಡಣೆಗಳನ್ನೂ ಮೊದಲು ಸಡಿಲವಾಗಿಯೇ ಬಿಟ್ಟು, ಕೊಳವೆ ನೇರವಾಗಿ ತೂಗುತ್ತಿದೆಯೇ ಎಂದು ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬನ್ನಿ. ನಾನು ಮೊದಲ ಸಲ ಹಿಂದಿನ ಕ್ಲಾಂಪನ್ನೇ ಮೊದಲು ಬಿಗಿದಿದ್ದೆ. ಕೊಳವೆ ಕೂದಲೆಳೆಯಷ್ಟು ಓರೆಯಾಗಿ ನಿಂತದ್ದು ಕಣ್ಣಿಗೆ ಕಾಣಲಿಲ್ಲ. ನಮ್ಮ ಬೀದಿಯ ಹಂಪು ಹತ್ತಿದಾಗಲೆಲ್ಲ ಅದು ಕಾರಿನ ತಳಕ್ಕೆ ಠಕ್ಕೆಂದು ಬಡಿಯುತ್ತಿತ್ತು. ಮತ್ತೆ ಎಲ್ಲವನ್ನೂ ಸಡಿಲಿಸಿ ಮೊದಲಿನಿಂದ ಶುರುಮಾಡಬೇಕಾಯಿತು. ಬ್ರೇಕ್ ಕೊಳವೆ, ಪೆಟ್ರೋಲ್ ಕೊಳವೆ ಮತ್ತು ಬಂಪರಿನಿಂದ ಕನಿಷ್ಠ ಒಂದು ಹೆಬ್ಬೆರಳಿನಷ್ಟು ಅಂತರ ಇರಲೇಬೇಕು. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ಬೆರಳ ಗುರುತುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲಷ್ಟೇ ಎಂಜಿನ್ ಚಾಲೂ ಮಾಡಿ. ಒರೆಸದಿದ್ದರೆ ಕೈಯ ಜಿಡ್ಡು ಬಿಸಿಗೆ ಸುಟ್ಟು, ಐದು ಬೆರಳೂ ಕಂದು ಬಣ್ಣದಲ್ಲಿ ಶಾಶ್ವತವಾಗಿ ಅಚ್ಚಾಗುತ್ತವೆ.

ಮೊದಲ ಸಲ ಎಂಜಿನ್ ಚಾಲೂ ಮಾಡುವುದು ಬಯಲಿನಲ್ಲೇ ಆಗಲಿ, ಶೆಡ್ಡಿನೊಳಗೆ ಎಂದಿಗೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ ಬರುವ ಹೊತ್ತಿಗೆ ಅದು ರಕ್ತ ಸೇರಿರುತ್ತದೆ. ಕೊಳವೆಗೆ ಹತ್ತಿದ ಎಣ್ಣೆಯ ಅಂಶ ಉರಿದು ಕೆಲವು ನಿಮಿಷ ಹೊಗೆಯಾಡುವುದು ಸಹಜ. ಕೊಳವೆ ಇನ್ನೂ ಬಿಸಿಯೇರುವ ಮೊದಲೇ ಜೋಡಣೆಗಳಿಗೆ ಸೋಪಿನ ನೀರು ಸಿಂಪಡಿಸಿ: ಗುಳ್ಳೆ ಎದ್ದ ಕಡೆ ಸೋರಿಕೆಯಿದೆ. ಕೆಲವು ದಿನಗಳ ನಂತರ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಿಕ್‌ಟಿಕ್ ಎಂಬ ಸದ್ದು ಕೇಳಿಸಿದರೆ ಅಥವಾ ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ, ಅದೂ ಸೋರಿಕೆಯ ಗುರುತೇ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ, ಕಾರು ತಣಿದಿರುವಾಗ, ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ.

ಬಿಚ್ಚಿದ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ತಪಾಸಣೆಯಲ್ಲಿ ಆಕ್ಷೇಪ ಬಂದರೂ, ಕಾರು ಮಾರುವ ದಿನ ಬಂದರೂ ಅದೇ ಬೇಕಾಗುತ್ತದೆ. ಅದರ ಬೋಲ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಡಬ್ಬಿಗೇ ಕಟ್ಟಿ, ಮಳೆನೀರು ತಾಗದ ಕಡೆ ಎತ್ತಿಡಿ.