ಮೊದಲನೇ ಪುಸ್ತಕ ಬಿಟ್ಟು ಎರಡನೇದು ಓದಿದ್ರೆ ನಡಿಯುತ್ತಾ?

ಫಿನ್‌ಲ್ಯಾಂಡಿನ ಕ್ರೈಮ್ ಕಾದಂಬರಿಕಾರ ಆಂಟಿ ಟುವೊಮೈನೆನ್ ಅವರ ಮೊಲದ ಸರಣಿ ಬಗ್ಗೆ ಯಾವಾಗ ಬರೆದ್ರೂ ಇದೇ ಪ್ರಶ್ನೆ ಬರುತ್ತೆ. "ನಂಗೆ ಲೈಬ್ರರಿಲಿ ಸಿಕ್ಕಿದ್ದು ‘ಮೂಸ್ ಪ್ಯಾರಡಾಕ್ಸ್’ ಮಾತ್ರ, ‘ರ‍್ಯಾಬಿಟ್ ಫ್ಯಾಕ್ಟರ್’ ಓದಿಲ್ಲ, ಶುರು ಮಾಡ್ಲಾ?" ಬೇಡ. ದಯವಿಟ್ಟು ಬೇಡ. ಮೊಲ, ಆಮೇಲೆ ಮೂಸ್, ಆಮೇಲೆ ಬೀವರ್ (ಮೂರನೇ ಪುಸ್ತಕ ‘ಬೀವರ್ ಥಿಯರಿ’), ಅದೇ ಆರ್ಡರ್. ಫಿನ್ನಿಶ್‌ನಲ್ಲಿ 2020, 2021, 2022ರಲ್ಲಿ ಒಂದಾದ ಮೇಲೊಂದು ಬಂದ್ವು, ನಾವು ಓದೋದು ಡೇವಿಡ್ ಹ್ಯಾಕ್‌ಸ್ಟನ್ ಮಾಡಿರೋ ಇಂಗ್ಲಿಷ್ ಅನುವಾದ, ಅದೂ ಅದೇ ಕ್ರಮದಲ್ಲೇ ಬಂದಿರೋದು.

ಇಷ್ಟು ಹೇಳಿದ್ರೆ ಸಾಕು ಅನ್ಕೊಂಡ್ರೆ ಸಾಕಾಗಲ್ಲ, ತಕ್ಷಣ ಇನ್ನೊಬ್ರು ಬಂದು "ಪತ್ತೇದಾರಿ ಸರಣಿ ತಾನೇ, ಪ್ರತಿ ಪುಸ್ತಕದಲ್ಲೂ ಬೇರೆ ಕೇಸ್ ಇರುತ್ತೆ, ಎಲ್ಲಿಂದ ಬೇಕಾದ್ರೂ ಓದಬಹುದು" ಅಂತಾರೆ. ಈ ನಂಬಿಕೆ ಎಲ್ಲಿಂದ ಬಂತು ಅಂತ ನಂಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ್ನ ಹಾಗೇ ಓದಿದ್ದು, ಸರ್ಕ್ಯುಲೇಟಿಂಗ್ ಲೈಬ್ರರಿಲಿ ಯಾವುದು ಕೈಗೆ ಸಿಕ್ತೋ ಅದು. ಅಗಾಥಾ ಕ್ರಿಸ್ಟಿ ಬರೆದ ಪೊಯ್ರೋ ಕಥೆಗಳ್ನೂ ಹೆಚ್ಚುಕಮ್ಮಿ ಹಾಗೇ ಓದಬಹುದು, ಯಾಕಂದ್ರೆ ಅಲ್ಲಿ ಪತ್ತೇದಾರ ಬದಲಾಗಲ್ಲ, ಕೇಸ್ ಬದಲಾಗುತ್ತೆ.

ಆದ್ರೆ ಉತ್ತರ ಯುರೋಪಿನ ಕ್ರೈಮ್ ಕಾದಂಬರಿಗೆ ಆ ರೂಲ್ ಹಾಕ್ಬೇಡಿ. ಅಲ್ಲಿಯ ಸಂಪ್ರದಾಯನೇ ಬೇರೆ. ಸ್ವೀಡನ್‌ನಲ್ಲಿ ಮಾಯ್ ಶೋವಾಲ್ ಮತ್ತೆ ಪೇರ್ ವಾಲೂ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಅನ್ನೋ ಪೊಲೀಸ್ ಅಧಿಕಾರಿ ಬಗ್ಗೆ 10 ಪುಸ್ತಕ ಬರೆದ್ರು, ಹತ್ತೂ ಸೇರಿ ಒಂದೇ ದೊಡ್ಡ ಕಾದಂಬರಿ ಅಂತ ಮೊದಲೇ ಪ್ಲ್ಯಾನ್ ಮಾಡಿ ಬರೆದದ್ದು. ಕೇಸ್ ಮುಗಿದ್ರೂ ಮನುಷ್ಯನ ಬದುಕು ಮುಂದಿನ ಪುಸ್ತಕಕ್ಕೆ ಹೋಗುತ್ತೆ, ಅವನ ಸಂಸಾರ ಕೆಡುತ್ತೆ, ಜೊತೆಗಿದ್ದವರು ಬದಲಾಗ್ತಾರೆ. ಆಮೇಲೆ ಅಲ್ಲಿ ಬಂದ ಎಷ್ಟೋ ಸರಣಿಗಳು ಇದೇ ದಾರಿ ಹಿಡಿದಿವೆ.

ಟುವೊಮೈನೆನ್ ಸರಣಿಲಿ ಇನ್ನೂ ಒಂದು ಹೆಜ್ಜೆ ಮುಂದೆ, ಅಲ್ಲಿ ಪತ್ತೇದಾರನೇ ನಾಯಕ ಅಲ್ಲ. ಪೆಂಟಿ ಓಸ್ಮಲಾ ಅಂತ ಒಬ್ಬ ಪೊಲೀಸ್ ಇದಾನೆ, ಬರ್ತಾನೆ ಹೋಗ್ತಾನೆ, ಆದ್ರೆ ಕಥೆ ಹೇಳೋನು ಹೆನ್ರಿ ಕೊಸ್ಕಿನೆನ್. ಹೆಲ್ಸಿಂಕಿಯ ಇನ್ಶೂರೆನ್ಸ್ ಕಂಪನಿಲಿ ಆಕ್ಚುವರಿ (ಅಪಾಯದ ಲೆಕ್ಕ ಹಾಕೋನು), ಒಂಟಿ, ಮನೇಲಿರೋದು ಶೋಪನ್‌ಹಾವರ್ ಅನ್ನೋ ಬೆಕ್ಕು ಒಂದೇ. ಲೆಕ್ಕಕ್ಕೆ ಸಿಗದಿರೋದು ಯಾವುದೂ ಅವನಿಗೆ ಆಗಿಬರಲ್ಲ. ಕೆಲಸ ಹೋಗುತ್ತೆ, ಅದೇ ಟೈಮಿಗೆ ಅಣ್ಣ ಯುಹಾನಿ ಸತ್ತ ಸುದ್ದಿ ಬರುತ್ತೆ, ಅಣ್ಣ ಬಿಟ್ಟುಹೋದ ಮಕ್ಕಳ ಅಡ್ವೆಂಚರ್ ಪಾರ್ಕ್ ಇವನ ತಲೆಗೆ ಬೀಳುತ್ತೆ, ಜೊತೆಗೆ ಅಣ್ಣ ರೌಡಿಗಳ ಹತ್ರ ಮಾಡಿದ ಸಾಲನೂ.

ಮೊದಲ ಪುಸ್ತಕದ ಶುರು ನೋಡಿ. ರಾತ್ರಿ, ಪಾರ್ಕ್ ಖಾಲಿ, ಚಾಕು ಹಿಡಿದ ಒಬ್ಬ ಹೆನ್ರಿನ ಅಟ್ಟಿಸ್ಕೊಂಡು ಬರ್ತಿದಾನೆ, ಪ್ರಾಣ ಉಳಿಸ್ಕೊಳ್ಳೋಕೆ ಇವನ ಕೈಗೆ ಸಿಗೋದು ಮಕ್ಕಳಿಗೆ ಅಂತ ನಿಲ್ಲಿಸಿರೋ ದೈತ್ಯ ಮೊಲದ ಕಿವಿ. ಇಲ್ಲಿ ನಗು ಬರೋದು ಹೆನ್ರಿ ಜೋಕ್ ಹೊಡೀತಾನೆ ಅಂತಲ್ಲ, ಅವನು ಇಡೀ ಸರಣಿಲಿ ಜೋಕೇ ಮಾಡಲ್ಲ. ಸಾವು ಎದುರಿಗೆ ನಿಂತಿದ್ರೂ ಸಂಭವನೀಯತೆ ಲೆಕ್ಕ ಹಾಕೋ ಅವನ ಸ್ವಭಾವಕ್ಕೆ ನಗು ಬರುತ್ತೆ. ಆ ಸ್ವಭಾವ ನಮಗೆ ಮೊದಲು ಪರಿಚಯ ಆಗ್ಬೇಕು, ಅದಕ್ಕೆ ಟೈಮ್ ಬೇಕು, ಆ ಟೈಮ್ ಕೊಟ್ಟಿರೋದು ಮೊದಲ ಪುಸ್ತಕದಲ್ಲಿ.

ಇನ್ನೊಂದು ಉದಾಹರಣೆ. ಯಾರಾದ್ರೂ "ಅಮ್ಯೂಸ್‌ಮೆಂಟ್ ಪಾರ್ಕ್" ಅಂದ್ರೆ ಸಾಕು ಹೆನ್ರಿ ತಿದ್ದುತ್ತಾನೆ, ಅಲ್ಲಿ ಯಂತ್ರ ಜನರನ್ನ ಓಡಾಡಿಸುತ್ತೆ, ಅಡ್ವೆಂಚರ್ ಪಾರ್ಕ್‌ನಲ್ಲಿ ಜನ ತಾವೇ ಓಡಾಡ್ತಾರೆ ಅಂತ. ಮೊದಲ ಸಲ ಓದಿದಾಗ ಇದು ಬರೀ ಒಂದು ವಿವರಣೆ. ಮತ್ತೆ ಮತ್ತೆ ಬಂದಾಗ ಇದ್ಯಾವುದೂ ಬೇಡವಾಗಿದ್ದ ಮನುಷ್ಯ ಈ ಪಾರ್ಕ್‌ನ ತನ್ನದು ಅನ್ಕೊಳ್ತಿದಾನೆ ಅಂತ ಗೊತ್ತಾಗುತ್ತೆ. ಚಿತ್ರಕಲಾವಿದೆ ಲೌರಾ ಹೆಲಾಂಟೊ ಜೊತೆಗಿನ ಪ್ರೀತಿನೂ ಹೀಗೇ ನಿಧಾನ ಬೆಳೆಯುತ್ತೆ, ಮೂರನೇ ಪುಸ್ತಕಕ್ಕೆ ಬರೋ ಹೊತ್ತಿಗೆ ಅವನು ಅವಳ ಮನೇಲಿ, ಅವಳ ಮಗಳ ಜೊತೆ ಇರ್ತಾನೆ. ನೇರ ಅಲ್ಲಿಗೆ ಹೋದ್ರೆ ಸಾಧಾರಣ ಸಂಸಾರ ಕಾಣ್ಸುತ್ತೆ, ಮೊದಲಿಂದ ಬಂದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿರುತ್ತೆ.

ಇದೆಲ್ಲ ಬೇಡ ಅಂದ್ರೂ ಎರಡನೇ ಪುಸ್ತಕ ಶುರುವಾಗ್ತಿದ್ದ ಹಾಗೇ ಒಂದು ಘಟನೆ ಇದೆ, ಮೊದಲ ಪುಸ್ತಕ ಯಾವುದರ ಮೇಲೆ ನಿಂತಿದ್ಯೋ ಅದನ್ನೇ ಅಲ್ಲಾಡಿಸೋ ಘಟನೆ. ಅದೇನು ಅಂತ ಇಲ್ಲಿ ಹೇಳಲ್ಲ, ಕೇಳ್ಬೇಡಿ. ಮೂಸ್ ಮೊದಲು ಓದಿದವರು ಆಮೇಲೆ ಮೊಲ ಓದಿದ್ರೆ ಆ ಪುಸ್ತಕದ ಅರ್ಧ ದುಃಖ ಕೈ ತಪ್ಪಿ ಹೋಗಿರುತ್ತೆ, ಅದು ಮತ್ತೆ ಸಿಗಲ್ಲ.

ಯಾರೂ ಕೇಳಲ್ಲ, ಆದ್ರೆ ಕೇಳ್ಬೇಕಾಗಿದ್ದ ಪ್ರಶ್ನೆ ಅಂದ್ರೆ ಈ ಆಕ್ಚುವರಿ ಮಾಡೋ ಕೆಲಸ ಏನು ಅನ್ನೋದು. "ಅಕೌಂಟೆಂಟ್ ತರ" ಅಂತ ಓದ್ಕೊಂಡು ಹೋಗ್ತೀರಿ, ಅಲ್ಲ. ಅಕೌಂಟೆಂಟ್ ಮುಖ್ಯವಾಗಿ ಆಗಿಹೋದ ದುಡ್ಡಿನ ಲೆಕ್ಕ ಇಡೋರು, ಆಕ್ಚುವರಿ ಮುಂದೆ ಆಗಬಹುದಾದ ನಷ್ಟದ ಲೆಕ್ಕ ಹಾಕೋರು. ಧೂಮಕೇತು ಹೆಸರಿನಿಂದ ನಮಗೆಲ್ಲ ಗೊತ್ತಿರೋ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲೌ ಊರಿನ (ಈಗ ಪೋಲೆಂಡಿನ ವ್ರೊಟ್ಸ್ವಾಫ್) ಜನನ ಮರಣದ ದಾಖಲೆ ಇಟ್ಕೊಂಡು ಯಾವ ವಯಸ್ಸಿನವರಲ್ಲಿ ಎಷ್ಟು ಜನ ಮುಂದಿನ ವರ್ಷ ಬದುಕಿರ್ತಾರೆ ಅಂತ ಕೋಷ್ಟಕ ಮಾಡಿದ, ವರ್ಷಾಶನಕ್ಕೆ (ಬದುಕಿರೋವರೆಗೆ ವರ್ಷವರ್ಷ ಸಿಗೋ ದುಡ್ಡಿಗೆ) ಎಷ್ಟು ಬೆಲೆ ಇಡ್ಬೇಕು ಅಂತ ಅದರಿಂದ ತೋರಿಸಿದ. ಇವತ್ತು ನೀವು ಕಟ್ಟೋ ಪ್ರೀಮಿಯಂ ಹಿಂದೆ ಇರೋದೂ ಅದೇ ಜಾತಿಯ ಲೆಕ್ಕ.

ಈ ಲೆಕ್ಕ ಲಕ್ಷ ಜನಕ್ಕೆ ಸರಿಯಾಗಿ ಕೂರುತ್ತೆ, ಒಬ್ಬ ಮನುಷ್ಯನ ನಾಳೆ ಬಗ್ಗೆ ಏನೂ ಖಚಿತವಾಗಿ ಹೇಳಲ್ಲ. ಹೆನ್ರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಆದ್ರೂ ಒಬ್ಬ ರೌಡಿಗೆ, ಒಬ್ಬ ಹೆಂಗಸಿಗೆ, ಸತ್ತ ಅಣ್ಣನಿಗೆ ಅದನ್ನೇ ಹಾಕಿ ನೋಡ್ತಾನೆ. ಹಾಗಾಗಿ ಲೇಖಕರು ಅವನಿಗೆ ಈ ಕೆಲಸ ಸುಮ್ನೆ ಕೊಟ್ಟಿಲ್ಲ, ಅವನನ್ನ ಬ್ಯಾಂಕ್ ಕ್ಲರ್ಕ್ ಮಾಡಿದ್ರೆ ಮೂರು ಪುಸ್ತಕದಲ್ಲಿ ಒಂದೂ ನಿಲ್ತಿರಲಿಲ್ಲ.